ಪ್ರತಿವಿಷ ಕೊಟ್ಟ ಮೇಲೂ ಉಸಿರು ನಿಲ್ಲುವುದೇಕೆ? ಹಾವು ಕಡಿತ ಮತ್ತು ನರಕೋಶದ ತುದಿ

ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ತನ್ನಲ್ಲಿಗೆ ಬಂದ ಪ್ರತಿ ಕಡಿತವನ್ನೂ ಅದರಿಂದಾದ ಪ್ರತಿ ಸಾವನ್ನೂ ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಅದೇ ವರ್ಷದ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ, 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ನವೆಂಬರಿನಲ್ಲಿ ಉಳಿದ ರಾಜ್ಯಗಳೂ ಇದೇ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಂಡಿತು. ಹೀಗೆ ಲೆಕ್ಕ ಇಡುವ ಕೆಲಸ ಆರಂಭವಾದ ಮೇಲೆ ಅಂಕಿಗಳು ಸುದ್ದಿಯಾಗತೊಡಗಿವೆ, ಅವುಗಳ ಜೊತೆಗೆ ಒಂದು ಗೊಂದಲವೂ ಬೆಳೆದಿದೆ.

ಗೊಂದಲ ಇಷ್ಟು. ಪಾವಗಡದ ಶೇಂಗಾ ಹೊಲದಲ್ಲೋ ಶ್ರೀನಿವಾಸಪುರದ ಮಾವಿನ ತೋಪಿನಲ್ಲೋ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದ ಪಕ್ಕದ ಮನೆಯಲ್ಲೋ ಹಾವು ಕಚ್ಚಿದಾಗ ಸಿಗುವ ಔಷಧಿ ಒಂದೇ. ಆಸ್ಪತ್ರೆಯವರು ಎಎಸ್‌ವಿ ಎನ್ನುವ ಪ್ರತಿವಿಷ. ಆದರೆ ಅದನ್ನು ಪಡೆದ ಒಬ್ಬರು ಮರುದಿನವೇ ಎದ್ದು ಕೂರುತ್ತಾರೆ, ಇನ್ನೊಬ್ಬರು ಒಂದು ವಾರ ವೆಂಟಿಲೇಟರ್ ಮೇಲಿರುತ್ತಾರೆ, ಮತ್ತೊಬ್ಬರು ಜಿಲ್ಲಾಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ತೀರಿಕೊಳ್ಳುತ್ತಾರೆ. ಔಷಧಿ ಕಳಪೆಯೆಂದೋ ವೈದ್ಯರು ಬಾಟಲಿಗಳನ್ನು ಉಳಿಸಿದರೆಂದೋ ಜನ ತೀರ್ಮಾನಿಸುತ್ತಾರೆ. ಯಾವುದೋ ಒಂದು ಪ್ರಕರಣದಲ್ಲಿ ಹಾಗೆ ನಡೆದಿರಲೂಬಹುದು. ಆದರೆ ಈ ವ್ಯತ್ಯಾಸದ ಬಹುಪಾಲು ಕಾರಣ ನರಕೋಶದ ರಚನೆಯಲ್ಲಿದೆ, ಮುಖ್ಯವಾಗಿ ಅದರ ಕೊಟ್ಟಕೊನೆಯ ತುದಿಯಲ್ಲಿದೆ. ಅದನ್ನು ತಿಳಿದುಕೊಂಡರೆ, ಕೆಲವು ಕಡಿತಗಳಲ್ಲಿ ಬಾಟಲಿಗಳ ಸಂಖ್ಯೆಗಿಂತ ಉಸಿರಾಟದ ಆಸರೆಯೇ ಜೀವ ಉಳಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಒಂದೇ ಕೋಶ

ದೇಹದ ಬೇರೆ ಕೋಶಗಳಿಗಿಂತ ನರಕೋಶ ಆಕಾರದಲ್ಲಿಯೇ ಭಿನ್ನವಾದುದು. ಅದಕ್ಕೊಂದು ಕೋಶಕಾಯವಿದೆ, ಕೋಶಕೇಂದ್ರ ಇರುವುದು ಅಲ್ಲಿ, ಪ್ರೋಟೀನುಗಳು ಬಹುಪಾಲು ತಯಾರಾಗುವುದೂ ಅಲ್ಲಿಯೇ. ಕೋಶಕಾಯದ ಸುತ್ತ ಕವಲೊಡೆದ ಡೆಂಡ್ರೈಟ್‌ಗಳು ಬೇರೆ ನರಕೋಶಗಳಿಂದ ಸಂಕೇತಗಳನ್ನು ಪಡೆಯುತ್ತವೆ. ಇನ್ನೊಂದು ಬದಿಯಿಂದ ಹೊರಡುವ ಒಂದೇ ಒಂದು ಉದ್ದನೆಯ ಎಳೆ ಆಕ್ಸಾನ್. ಅದು ಕೊನೆಯಲ್ಲಿ ಹಲವು ಕವಲುಗಳಾಗಿ ಒಡೆದು, ಪ್ರತಿ ಕವಲೂ ಒಂದು ಉಬ್ಬಿದ ತುದಿಯಲ್ಲಿ ಮುಗಿಯುತ್ತದೆ. ಮಿದುಳೊಂದರಲ್ಲಿಯೇ ಇಂತಹ ಸುಮಾರು 8600 ಕೋಟಿ ಕೋಶಗಳಿವೆ ಎಂಬ ಅಂದಾಜಿದೆ. ಇವು ಒಂದಕ್ಕೊಂದು ಬೆಸೆದುಕೊಂಡ ಬಲೆಯಲ್ಲ, ಪ್ರತಿಯೊಂದೂ ಬಿಡಿಯಾದ ಕೋಶ, ನಡುವೆ ಅಂತರವಿದೆ ಎಂದು ಸೂಕ್ಷ್ಮದರ್ಶಕದಡಿ ನೋಡಿ ವಾದಿಸಿದವನು ಸ್ಪೇನಿನ ರಮೋನ್ ಇ ಕಹಾಲ್. ಅವನಿಗೂ, ಬಲೆಯೆಂದೇ ನಂಬಿದ್ದ ಇಟಲಿಯ ಗಾಲ್ಜಿಗೂ 1906ರ ನೊಬೆಲ್ ಬಹುಮಾನವನ್ನು ಹಂಚಲಾಯಿತು.

ಕೈಕಾಲುಗಳನ್ನು ಆಡಿಸುವ ಚಾಲಕ ನರಕೋಶಗಳ ಕೋಶಕಾಯ ಬೆನ್ನುಹುರಿಯಲ್ಲಿರುತ್ತದೆ, ತುದಿ ಸ್ನಾಯುವಿನಲ್ಲಿರುತ್ತದೆ. ಪಾದದ ಸ್ನಾಯುವಿಗೆ ಹೋಗುವ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದವಿರಬಲ್ಲದು. ಕೋಶಕಾಯವು ಮೂಳೆಗಳ ಮರೆಯಲ್ಲಿ ಸುರಕ್ಷಿತವಾಗಿದ್ದರೆ, ತುದಿಯು ರಕ್ತದಲ್ಲಿ ಹರಿದು ಬರುವ ಯಾವುದೇ ವಿಷಕ್ಕೂ ತೆರೆದುಕೊಂಡಿರುತ್ತದೆ. ಹಾವಿನ ವಿಷಕ್ಕೆ ಬೇಕಾಗಿರುವುದು ಈ ತೆರೆದ ಜಾಗವೇ.

ಸಂಕೇತ ಸಾಗುವ ಬಗೆ

ವಿಶ್ರಾಂತ ಸ್ಥಿತಿಯಲ್ಲಿ ನರಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣಾತ್ಮಕವಾಗಿರುತ್ತದೆ. ಕೋಶಪೊರೆಯಲ್ಲಿರುವ ಪಂಪು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತ ಹೊರಗೆ ಸೋಡಿಯಮ್ಮನ್ನೂ ಒಳಗೆ ಪೊಟ್ಯಾಸಿಯಮ್ಮನ್ನೂ ಹೆಚ್ಚಾಗಿ ಇಟ್ಟಿರುತ್ತದೆ. ಪ್ರಚೋದನೆ ಒಂದು ಮಿತಿಯನ್ನು ದಾಟಿದಾಗ ಸೋಡಿಯಂ ಬಾಗಿಲುಗಳು ತೆರೆದುಕೊಳ್ಳುತ್ತವೆ, ಸೋಡಿಯಂ ಒಳನುಗ್ಗುತ್ತದೆ, ಒಳಭಾಗ ಕ್ಷಣಕಾಲ ಧನಾತ್ಮಕವಾಗುತ್ತದೆ. ಮರುಕ್ಷಣವೇ ಪೊಟ್ಯಾಸಿಯಂ ಹೊರಹರಿದು ಮೊದಲಿನ ಸ್ಥಿತಿ ಮರಳುತ್ತದೆ. ಒಂದೆಡೆ ಆದ ಈ ಬದಲಾವಣೆ ಪಕ್ಕದ ಭಾಗವನ್ನು ಪ್ರಚೋದಿಸುತ್ತ ಆಕ್ಸಾನ್‌ನುದ್ದಕ್ಕೂ ಸಾಗುತ್ತದೆ. ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿರುವ ದಪ್ಪ ಆಕ್ಸಾನ್‌ಗಳಲ್ಲಿ ಅದರ ವೇಗ ಸೆಕೆಂಡಿಗೆ ನೂರು ಮೀಟರ್‌ ಮುಟ್ಟುತ್ತದೆ.

ನಮ್ಮ ಪ್ರಶ್ನೆಗೆ ಮುಖ್ಯವಾದ ಸಂಗತಿ ಇದರ ಮುಂದಿನದು. ವಿದ್ಯುತ್ ಸಂಕೇತ ನರದ ತುದಿಯವರೆಗೆ ಬರುತ್ತದೆ, ಆದರೆ ಸ್ನಾಯುವಿಗೆ ನೇರವಾಗಿ ಜಿಗಿಯುವುದಿಲ್ಲ. ಅಲ್ಲಿ ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಭಾಗದಷ್ಟು ಕಿರಿದಾದ ಸಂದು ಇದೆ, ಅದನ್ನು ರಾಸಾಯನಿಕವೊಂದು ದಾಟಿಸಬೇಕು.

ನರ ಮತ್ತು ಸ್ನಾಯುವಿನ ನಡುವಿನ ಸಂದು

ನರತುದಿಯೊಳಗೆ ಅತಿಸಣ್ಣ ಚೀಲಗಳಿರುತ್ತವೆ. ಪ್ರತಿ ಚೀಲದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಸಾವಿರಾರು ಅಣುಗಳಿರುತ್ತವೆ. ವಿದ್ಯುತ್ ಸಂಕೇತ ತುದಿ ತಲುಪಿದಾಗ ಕ್ಯಾಲ್ಸಿಯಂ ಒಳಬರುತ್ತದೆ; ಕ್ಯಾಲ್ಸಿಯಂ ಬಂದುದರಿಂದ ಚೀಲಗಳು ಪೊರೆಗೆ ಅಂಟಿ ಒಡೆಯುತ್ತವೆ; ಹೊರಬಿದ್ದ ಅಸಿಟೈಲ್‌ಕೋಲಿನ್ ಸಂದನ್ನು ದಾಟಿ ಸ್ನಾಯುವಿನ ಮೇಲಿನ ಗ್ರಾಹಕಗಳಿಗೆ, ಅಂದರೆ ಸಂಕೇತವನ್ನು ಹಿಡಿಯುವ ಪ್ರೋಟೀನುಗಳಿಗೆ, ಕೂಡಿಕೊಳ್ಳುತ್ತದೆ; ಗ್ರಾಹಕ ತೆರೆದು ಸೋಡಿಯಂ ಸ್ನಾಯುಕೋಶದೊಳಗೆ ಹೋಗುತ್ತದೆ, ಸ್ನಾಯು ಸಂಕುಚಿಸುತ್ತದೆ. ಬಳಿಕ ಸಂದಿನಲ್ಲಿಯೇ ಇರುವ ಕಿಣ್ವವೊಂದು ಕೆಲವೇ ಮಿಲಿಸೆಕೆಂಡುಗಳಲ್ಲಿ ಅಸಿಟೈಲ್‌ಕೋಲಿನ್‌ ಅನ್ನು ಒಡೆದುಹಾಕುತ್ತದೆ, ಇಲ್ಲದಿದ್ದರೆ ಒಂದು ಅಪ್ಪಣೆಗೆ ಸ್ನಾಯು ಹಲವು ಸಲ ಓಗೊಡುತ್ತಿತ್ತು.

ಟೊಮೆಟೊ ಮತ್ತು ದ್ರಾಕ್ಷಿ ಬೆಳೆಗಾರರ ಸೀಮೆಯಲ್ಲಿ ಈ ಕಿಣ್ವಕ್ಕೆ ಇನ್ನೊಂದು ಬಗೆಯ ಪರಿಚಯವಿದೆ ಎಂಬುದನ್ನು ಇಲ್ಲಿ ಹೇಳಬೇಕು. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಕಟ್ಟಿಹಾಕುವುದು ಇದೇ ಕಿಣ್ವವನ್ನು. ಆಗ ಅಸಿಟೈಲ್‌ಕೋಲಿನ್ ಒಡೆಯದೆ ರಾಶಿಬೀಳುತ್ತದೆ, ಸ್ನಾಯುಗಳು ಮೊದಲು ಅದುರಿ ಆಮೇಲೆ ಸೋಲುತ್ತವೆ. ಹಾವಿನ ವಿಷ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ, ಆದರೆ ಎರಡರಲ್ಲಿಯೂ ಕೊನೆಗೆ ಸೋಲುವುದು ಉಸಿರಾಟದ ಸ್ನಾಯುಗಳೇ.

ನಾಗರಹಾವು ಒಂದು ಕಡೆ, ಕಟ್ಟುಹಾವು ಇನ್ನೊಂದು ಕಡೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಗಳಲ್ಲಿ ಜೀವಕ್ಕೆ ಅಪಾಯ ತರುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಗಡಿಯ ಊರುಗಳಲ್ಲಿ ತೆಲುಗು ಮಾತಾಡುವವರು ಕಟ್ಟುಹಾವನ್ನು ಕಟ್ಲಪಾಮು ಎನ್ನುತ್ತಾರೆ. ಮಂಡಲದ ಹಾವುಗಳೆರಡೂ ಪ್ರಧಾನವಾಗಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತವೆ. ಊತ, ರಕ್ತಸ್ರಾವ, ಕೊಳಕುಮಂಡಲವಾದರೆ ಮೂತ್ರಪಿಂಡದ ವೈಫಲ್ಯ ಕಾಣಿಸಿಕೊಳ್ಳುತ್ತವೆ. ನಾಗರ ಮತ್ತು ಕಟ್ಟುಹಾವಿನ ವಿಷ ನರ-ಸ್ನಾಯು ಸಂದಿಗೆ ಹೋಗುತ್ತದೆ. ಆದರೆ ಸಂದಿನ ಯಾವ ದಡದಲ್ಲಿ ಅದು ಕೆಲಸ ಮಾಡುತ್ತದೆ ಎಂಬುದು ಚಿಕಿತ್ಸೆಯ ಇಡೀ ಕಥೆಯನ್ನೇ ಬದಲಿಸುತ್ತದೆ.

ನಾಗರಹಾವಿನ ನರವಿಷ ಸ್ನಾಯುವಿನ ಕಡೆಯ ದಡದಲ್ಲಿ ಕೂರುತ್ತದೆ. ಅಸಿಟೈಲ್‌ಕೋಲಿನ್ ಬಂದು ಕೂಡಬೇಕಾದ ಗ್ರಾಹಕಗಳನ್ನು ಅದು ಮೊದಲೇ ಆಕ್ರಮಿಸಿಕೊಳ್ಳುವುದರಿಂದ, ನರತುದಿ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಅಪ್ಪಣೆ ಸ್ನಾಯುವಿಗೆ ಮುಟ್ಟುವುದಿಲ್ಲ. ಇಲ್ಲಿ ಯಾವ ಭಾಗವೂ ಮುರಿದಿಲ್ಲ, ಜಾಗ ಮಾತ್ರ ಆಕ್ರಮಣಗೊಂಡಿದೆ. ಆದ್ದರಿಂದ ಪ್ರತಿವಿಷ ಈ ವಿಷವನ್ನು ತೆರವುಗೊಳಿಸಿದರೆ ಸ್ನಾಯು ಮರಳಿ ಸ್ಪಂದಿಸುತ್ತದೆ. ನಿಯೋಸ್ಟಿಗ್ಮಿನ್ ಎಂಬ ಇಂಜೆಕ್ಷನ್‌ ಕೂಡ ಇಲ್ಲಿ ಸಹಾಯಕ: ಅದು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚುತ್ತದೆ, ಉಳಿದ ಗ್ರಾಹಕಗಳನ್ನು ಹಿಡಿಯುವ ಸ್ಪರ್ಧೆಯಲ್ಲಿ ಅದಕ್ಕೆ ಮೇಲುಗೈ ಸಿಗುತ್ತದೆ. ಕೀಟನಾಶಕ ಅಳತೆಯಿಲ್ಲದೆ ಮಾಡುವ ಕೆಲಸವನ್ನೇ ವೈದ್ಯರು ಇಲ್ಲಿ ಅಳತೆಯಿಂದ, ಅಡ್ಡಪರಿಣಾಮಗಳನ್ನು ತಡೆಯುವ ಅಟ್ರೋಪಿನ್‌ನ ಕಾವಲಿನಲ್ಲಿ ಮಾಡುತ್ತಾರೆ.

ಕಟ್ಟುಹಾವಿನ ವಿಷದಲ್ಲಿ ಸ್ನಾಯುವಿನ ದಡಕ್ಕೆ ಕೂರುವ ಅಂಶಗಳೂ ಇವೆ. ಆದರೆ ಅದರ ಹೆಚ್ಚು ಅಪಾಯಕಾರಿ ಭಾಗ ನರತುದಿಯನ್ನೇ ಹೊಕ್ಕು ಹಾಳುಮಾಡುವ ವಿಷ. ಅದು ಪೊರೆಯ ಕೊಬ್ಬನ್ನು ಒಡೆಯುವ ಕಿಣ್ವ. ಅದರ ಪ್ರಭಾವದಿಂದ ಚೀಲಗಳು ಬರಿದಾಗುತ್ತವೆ, ಆಮೇಲೆ ತುದಿಯೇ ಶಿಥಿಲವಾಗಿ ನಾಶವಾಗುತ್ತದೆ. ಹೀಗೆ ಒಮ್ಮೆ ತುದಿ ಹಾಳಾದ ಮೇಲೆ ನಿಯೋಸ್ಟಿಗ್ಮಿನ್‌ಗೆ ಅಲ್ಲಿ ಕೆಲಸವಿಲ್ಲ, ಉಳಿಸಿಕೊಳ್ಳಲು ಅಸಿಟೈಲ್‌ಕೋಲಿನ್ ಹೊರಬರುತ್ತಲೇ ಇಲ್ಲವಲ್ಲ. ಪ್ರತಿವಿಷಕ್ಕೂ ಅಲ್ಲಿ ಕೆಲಸವಿಲ್ಲ, ಏಕೆಂದರೆ ಅದು ವಿಷವನ್ನು ಹಿಡಿಯಬಲ್ಲುದೇ ಹೊರತು ಮುರಿದ ತುದಿಯನ್ನು ಕಟ್ಟಲಾರದು.

ಹಾಗೆಂದು ಇದು ಶಾಶ್ವತ ಹಾನಿಯಲ್ಲ, ಈ ಮಾತನ್ನು ಒತ್ತಿ ಹೇಳಬೇಕು. ಬೆನ್ನುಹುರಿಯಲ್ಲಿರುವ ಕೋಶಕಾಯ ಜೀವಂತವಾಗಿದೆ, ಆಕ್ಸಾನ್ ಕೂಡ ಅಲ್ಲಿಯವರೆಗೆ ಸರಿಯಾಗಿದೆ. ಹಾಳಾದುದು ತುದಿ ಮಾತ್ರ, ಅದು ಮತ್ತೆ ಬೆಳೆಯುತ್ತದೆ. ಅದಕ್ಕೆ ಹಿಡಿಯುವುದು ದಿನಗಳು, ಕೆಲವೊಮ್ಮೆ ವಾರಗಳು. ಅಷ್ಟು ಕಾಲ ರೋಗಿಯ ಉಸಿರನ್ನು ಯಂತ್ರವೋ ಕೈಯೋ ನಡೆಸಿಕೊಟ್ಟರೆ ಆತ ಪೂರ್ತಿ ಗುಣಮುಖನಾಗಿ ನಡೆದು ಮನೆಗೆ ಹೋಗಬಲ್ಲ. ಅದೇ ಹೊತ್ತಿನಲ್ಲಿ ಹತ್ತು ನಿಮಿಷ ಉಸಿರು ತಪ್ಪಿದರೆ, ದೇಹದಲ್ಲಿ ಎಷ್ಟು ಬಾಟಲಿ ಪ್ರತಿವಿಷ ಇದ್ದರೂ ಪ್ರಯೋಜನವಿಲ್ಲ.

ವಿಜ್ಞಾನಕ್ಕೆ ಈ ವಿಷಗಳಿಂದ ಉಪಕಾರವೂ ಆಗಿದೆ. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು 1963ರಲ್ಲಿ ಅಲ್ಲಿಯ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್‌ಗಳನ್ನು ಬೇರ್ಪಡಿಸಿದರು. ಅವುಗಳಲ್ಲೊಂದು ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಬಿಡದೆ ಅಂಟಿಕೊಳ್ಳುತ್ತಿದ್ದುದರಿಂದ, ಅದನ್ನೇ ಹಿಡಿಕೆಯಾಗಿ ಬಳಸಿ ಗ್ರಾಹಕವನ್ನು ಕೋಶದಿಂದ ಹೊರತೆಗೆದು ಅಧ್ಯಯನ ಮಾಡಲು ಮುಂದೆ ಸಾಧ್ಯವಾಯಿತು.

ಲಕ್ಷಣಗಳು ಹಾದಿ ತಪ್ಪಿಸುವುದೇಕೆ

ಕಟ್ಟುಹಾವು ಸಾಮಾನ್ಯವಾಗಿ ರಾತ್ರಿ ಹೊತ್ತು, ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುತ್ತದೆ. ಹಲ್ಲು ಚಿಕ್ಕದು, ಗುರುತು ಬಹುತೇಕ ಕಾಣುವುದಿಲ್ಲ, ಊತವಿಲ್ಲ, ನೋವೂ ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಸಲ ಕಚ್ಚಿದ್ದು ಕಚ್ಚಿಸಿಕೊಂಡವರಿಗೇ ತಿಳಿದಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ, ಗಂಟಲು ಕಟ್ಟಿದ ಹಾಗೆ ಅನಿಸುವುದು ಮೊದಲಾಗುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ಕೊಡುತ್ತಾರೆ. ನಂತರ ರೆಪ್ಪೆಗಳು ಜೋಲುತ್ತವೆ, ನೋಟ ಎರಡೆರಡಾಗುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕುತ್ತಿಗೆ ನಿಲ್ಲುವುದಿಲ್ಲ, ಕೊನೆಗೆ ವಪೆ ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಸೋಲುತ್ತವೆ. ಮುಖದಿಂದ ಕೆಳಗಿಳಿಯುವ ಈ ಕ್ರಮವನ್ನು ಗುರುತಿಸುವುದೇ ರೋಗನಿರ್ಣಯ. ಮಂಡಲದ ಹಾವಿನ ಕಡಿತವನ್ನು ಪತ್ತೆಹಚ್ಚಲು ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆಯಿದೆ. ಕಟ್ಟುಹಾವಿನ ಕಡಿತದಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಅದನ್ನು ನೋಡಿ ‘ವಿಷವೇರಿಲ್ಲ’ ಎಂದು ರೋಗಿಯನ್ನು ಮನೆಗೆ ಕಳಿಸಿದರೆ ಅನಾಹುತವಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಭೀಕರವಾದುದು: ಅಲುಗಾಡದ ರೋಗಿಯ ಮಿದುಳು ಸತ್ತಿದೆ ಎಂದುಕೊಳ್ಳುವುದು. ನಿಜವೆಂದರೆ, ಈ ವಿಷಗಳು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹೀಗಾಗಿ ಕಣ್ಣು ತೆರೆಯಲಾರದ, ಬೆರಳು ಆಡಿಸಲಾರದ, ಕಣ್ಣಪಾಪೆಯೂ ಬೆಳಕಿಗೆ ಸ್ಪಂದಿಸದ ರೋಗಿ, ಸುತ್ತಲಿನವರ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರಬಹುದು. ಮಿದುಳು ಸತ್ತಿದೆ ಎಂದು ಆತುರದಲ್ಲಿ ನಿರ್ಧರಿಸಿ ವೆಂಟಿಲೇಟರ್ ತೆಗೆಸುವ ಮಾತಾಡಬಾರದು ಎಂದು ತಜ್ಞರು ಎಚ್ಚರಿಸುವುದು ಈ ಕಾರಣಕ್ಕೆ.

ಎಲ್ಲಿ ಚಿಕಿತ್ಸೆ ಕೊಡಬೇಕು: ಎರಡು ವಾದಗಳು

ಮೊದಲ ವಾದದ ಪ್ರಕಾರ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಪ್ರತಿವಿಷ ಇರಬೇಕು, ಮೊದಲ ಡೋಸ್ ಅಲ್ಲಿಯೇ ಬೀಳಬೇಕು. ಎರಡನೆಯ ವಾದ, ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾದುದರಿಂದ ಕೆಲವರಿಗೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡ ಕುಸಿಯಬಹುದು, ಒಬ್ಬರೇ ವೈದ್ಯರಿರುವ ಕೇಂದ್ರದಲ್ಲಿ ಅದನ್ನು ನಿಭಾಯಿಸಲಾಗದು, ಆದ್ದರಿಂದ ನೇರವಾಗಿ ದೊಡ್ಡಾಸ್ಪತ್ರೆಗೆ ಕಳಿಸುವುದೇ ಸುರಕ್ಷಿತ ಎನ್ನುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ರೋಗಿಯ ಕಡೆಯವರು ಮೇಲೆ ಬೀಳುತ್ತಾರೆಂಬ ಹೆದರಿಕೆಯೂ ಈ ಎರಡನೆಯ ವಾದದ ಹಿಂದೆ ಇರುತ್ತದೆ, ಅದು ಆಧಾರವಿಲ್ಲದ ಹೆದರಿಕೆಯೇನಲ್ಲ.

ನರಕೋಶದ ಲೆಕ್ಕದಲ್ಲಿ ನೋಡಿದರೆ ಎರಡೂ ವಾದಗಳು ಅರ್ಧ ಮಾತ್ರ ಸರಿ. ಕಟ್ಟುಹಾವಿನ ವಿಷ ನರತುದಿಯನ್ನು ಹೊಕ್ಕ ಮೇಲೆ ಪ್ರತಿವಿಷ ಅದನ್ನು ಹಿಂದಕ್ಕೆಳೆಯಲಾರದು. ಆದ್ದರಿಂದ ಪ್ರತಿವಿಷದ ಬೆಲೆ ಇರುವುದು ಮೊದಲ ಗಂಟೆಗಳಲ್ಲಿ, ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷ ಹೊಸ ತುದಿಗಳನ್ನು ಮುಟ್ಟುವ ಮುಂಚೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್ ದಾರಿ. ಆ ದಾರಿಯನ್ನು ಒಂದು ಡೋಸೂ ಇಲ್ಲದೆ ಕ್ರಮಿಸುವುದೆಂದರೆ ಉಳಿಸಬಹುದಾಗಿದ್ದ ತುದಿಗಳನ್ನು ಬಿಟ್ಟುಕೊಟ್ಟಂತೆ. ಇನ್ನೊಂದು ಕಡೆ, ಬಾಟಲಿಗಳನ್ನು ದಾಸ್ತಾನು ಮಾಡಿದರೆ ಸಾಕು ಎಂಬ ನಿಲುವು ಉಸಿರಾಟದ ಪ್ರಶ್ನೆಯನ್ನೇ ಮರೆಯುತ್ತದೆ. ನರವಿಷದ ಪ್ರಕರಣದಲ್ಲಿ ಸಾಮಾನ್ಯವಾಗಿ ಹತ್ತು ಬಾಟಲಿ, ಅಗತ್ಯಬಿದ್ದರೆ ಇನ್ನೂ ಹತ್ತು, ಅಲ್ಲಿಗೆ ನಿಲ್ಲಿಸಬೇಕೆಂಬುದು ಚಿಕಿತ್ಸಾ ಮಾರ್ಗಸೂಚಿಯ ನಿಲುವು. ಮೂವತ್ತು, ನಲವತ್ತು ಬಾಟಲಿ ಕೊಡಿ ಎಂದು ಮನೆಯವರು ಒತ್ತಾಯಿಸುವುದು ಅರ್ಥವಾಗುವಂಥದೇ, ಆದರೆ ಅದರಿಂದ ಅಲರ್ಜಿಯ ಅಪಾಯವೂ ಖರ್ಚೂ ಹೆಚ್ಚುತ್ತವೆ, ನರತುದಿ ಬೇಗ ಬೆಳೆಯುವುದಿಲ್ಲ.

ಹಾಗಾದರೆ ಆಗಬೇಕಾದುದು: ಹತ್ತಿರದ ಕೇಂದ್ರದಲ್ಲಿ, ಅಲರ್ಜಿಗೆ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು ಮೊದಲ ಡೋಸ್, ಅಲ್ಲಿಂದ ಮುಂದಕ್ಕೆ, ಗಂಟಲಿಗೆ ಕೊಳವೆ ಹಾಕಬಲ್ಲ ಅಥವಾ ಕನಿಷ್ಠ ಕೈಯಿಂದ ಒತ್ತುವ ಉಸಿರುಚೀಲವನ್ನು ಬಿಡದೆ ನಡೆಸಬಲ್ಲ ಸಿಬ್ಬಂದಿಯಿರುವ ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನಡೆಯುವ ವೆಂಟಿಲೇಟರ್. ಯಂತ್ರಗಳು ಕೋವಿಡ್ ಕಾಲದಲ್ಲಿ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿವೆ. ಕಷ್ಟವಿರುವುದು ಅವನ್ನು ರಾತ್ರಿ ಎರಡು ಗಂಟೆಗೆ ನಡೆಸಬಲ್ಲ ಅರಿವಳಿಕೆ ತಜ್ಞರನ್ನೂ ನರ್ಸ್‌ಗಳನ್ನೂ ಅಲ್ಲಿ ಉಳಿಸಿಕೊಳ್ಳುವುದರಲ್ಲಿ. ಯಂತ್ರ ಕೊಳ್ಳುವುದಕ್ಕಿಂತ ಇದು ದುಬಾರಿ, ಇದಕ್ಕೆ ಉದ್ಘಾಟನೆಯ ಫಲಕವನ್ನೂ ಹಾಕಲಾಗದು.

ಮಂತ್ರ ಹಾಕಿಸಿ, ನಾಟಿ ಔಷಧಿ ಕುಡಿಸಿ ಗುಣವಾಯಿತೆಂಬ ಮಾತಿಗೂ ಇಲ್ಲಿಯೇ ಉತ್ತರವಿದೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವು ಬಹಳ, ವಿಷದ ಹಾವುಗಳೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತವೆ. ಆ ಎಲ್ಲ ಪ್ರಕರಣಗಳ ಕೀರ್ತಿ ಮಂತ್ರಕ್ಕೆ ಹೋಗುತ್ತದೆ. ಕಟ್ಟುಹಾವು ಕಚ್ಚಿದವರಲ್ಲಿ ಲಕ್ಷಣಗಳು ನಿಧಾನವಾಗಿ ಏರುವುದರಿಂದ ಮೊದಲ ಗಂಟೆಗಳಲ್ಲಿ ಎಲ್ಲವೂ ಸರಿಯಿದ್ದಂತೆ ತೋರುತ್ತದೆ, ಪ್ರತಿವಿಷಕ್ಕೆ ಬೆಲೆಯಿದ್ದ ಸಮಯ ಅಲ್ಲಿಯೇ ಕಳೆದುಹೋಗುತ್ತದೆ. ಹಗ್ಗ ಬಿಗಿದು ಕಟ್ಟುವುದೂ ಗಾಯ ಕೊಯ್ಯುವುದೂ ಹಾನಿಯನ್ನೇ ಮಾಡುತ್ತವೆ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಇಟ್ಟು ಆಸ್ಪತ್ರೆಗೆ ಹೊರಡುವುದಷ್ಟೇ ಮಾಡಬೇಕಾದುದು.

ಔಷಧಿಯ ಗುಣಮಟ್ಟದ ಪ್ರಶ್ನೆ

‘ಔಷಧಿಯೇ ಸರಿಯಿಲ್ಲ’ ಎಂಬ ದೂರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಭಾರತದ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷದ ಮೇಲೆ ನಿಂತಿದೆ, ಅದಕ್ಕೆ ಬೇಕಾದ ವಿಷ ಬಹುಕಾಲದಿಂದ ಮುಖ್ಯವಾಗಿ ಚೆನ್ನೈ ಬಳಿಯ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ, ಅಂದರೆ ತಮಿಳುನಾಡಿನ ಕೆಲವೇ ಜಿಲ್ಲೆಗಳ ಹಾವುಗಳಿಂದ ಬರುತ್ತಿದೆ. ಒಂದೇ ಜಾತಿಯ ಹಾವಿನ ವಿಷದ ಸಂಯೋಜನೆಯೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಪ್ರದೇಶಕ್ಕೆ ತಕ್ಕ ಪ್ರತಿವಿಷ ಬೇಕೆಂಬ ಬೇಡಿಕೆ ಬಂದಿರುವುದು ಇದರಿಂದ. ಹಲವು ಬಗೆ ತಯಾರಿಸಿದರೆ ಬೆಲೆ ಏರುತ್ತದೆ, ಹಂಚಿಕೆ ತೊಡಕಾಗುತ್ತದೆ ಎಂಬುದು ಎದುರು ವಾದ.

ಇದೇ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆಗೂಡಿ, ಪ್ರಯೋಗಾಲಯದಲ್ಲಿ ರೂಪಿಸಿದ ಮಾನವ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿತು. ಹಲವು ಜಾತಿಯ ಹಾವುಗಳಲ್ಲಿರುವ, ಸ್ನಾಯುವಿನ ಗ್ರಾಹಕಕ್ಕೆ ಕೂರುವ ಒಂದು ವರ್ಗದ ನರವಿಷವನ್ನು ಅದು ಇಲಿಗಳಲ್ಲಿ ತಡೆದಿದೆ. ಕುದುರೆಯ ಹಂಗಿಲ್ಲದ ಔಷಧಿಯ ಕಡೆಗೆ ಇದು ದೊಡ್ಡ ಹೆಜ್ಜೆ. ಆದರೆ ಸುದ್ದಿಯಲ್ಲಿ ಕಂಡ ‘ಎಲ್ಲ ಹಾವುಗಳಿಗೂ ಒಂದೇ ಮದ್ದು’ ಎಂಬ ಅರ್ಥ ಅದಕ್ಕಿಲ್ಲ. ಕಟ್ಟುಹಾವು ನರತುದಿಯನ್ನು ಕೆಡಿಸುವ ಕಿಣ್ವ ಬೇರೆಯೇ ವರ್ಗಕ್ಕೆ ಸೇರಿದ್ದು.

ಲೆಕ್ಕ ಇಡುವುದರಿಂದ ಆಗುವುದೇನು

ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಆಸ್ಪತ್ರೆಗಳ ದಾಖಲೆಯಲ್ಲಿ ಕಾಣುತ್ತಿದ್ದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಅನೇಕರು ಆಸ್ಪತ್ರೆ ಮುಟ್ಟುವ ಮೊದಲೇ ಸಾಯುತ್ತಾರೆ. ವರದಿ ಕಡ್ಡಾಯವಾದಾಗ ಕಾಗದದ ಮೇಲಿನ ಪ್ರಕರಣಗಳು ಏರುವುದು ಸಹಜ. ಅದನ್ನು ನೋಡಿ ಹಾವುಗಳೇ ಹೆಚ್ಚಾದವೆಂದು ಭಾವಿಸಬೇಕಿಲ್ಲ.

ಆದರೆ ಒಟ್ಟು ಸಂಖ್ಯೆಯೊಂದರಿಂದ ಆಡಳಿತಕ್ಕೆ ಹೆಚ್ಚಿನ ಉಪಯೋಗವಿಲ್ಲ. ಲಕ್ಷಣ ರಕ್ತದ್ದೋ ನರದ್ದೋ, ಕಚ್ಚಿದ್ದು ಹೊಲದಲ್ಲೋ ಮನೆಯೊಳಗೋ, ಮೊದಲ ಡೋಸ್ ಎಷ್ಟು ಹೊತ್ತಿಗೆ ಬಿತ್ತು, ಉಸಿರಾಟದ ಆಸರೆ ಯಾವಾಗ ಸಿಕ್ಕಿತು ಎಂಬುದು ತಾಲ್ಲೂಕುವಾರು ಬೇರೆಬೇರೆಯಾಗಿ ದಾಖಲಾಗಬೇಕು. ಏಕೆಂದರೆ ತಡೆಯುವ ದಾರಿಗಳೂ ಬೇರೆ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಮೋಟಾರು ಹಾಕಲು ಹೊಲಕ್ಕೆ ಹೋಗುವ ರೈತ ತುಳಿಯುವ ಸಂಭವ ಹೆಚ್ಚಿರುವುದು ಮಂಡಲದ ಹಾವನ್ನು ಅಥವಾ ನಾಗರವನ್ನು. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರಲ್ಲಿ ಕುಸುಮ್ ಯೋಜನೆಯ ಸೌರ ಘಟಕ ಉದ್ಘಾಟನೆಯಾದಾಗ ರೈತರಿಗೆ ಹಗಲು ವಿದ್ಯುತ್ ಸಿಗುತ್ತದೆಂದು ಹೇಳಲಾಯಿತು. ಅದು ನಿಜವಾಗಿ ಎಲ್ಲ ಪಂಪ್‌ಸೆಟ್‌ಗಳಿಗೂ ಮುಟ್ಟಿದರೆ ಹೊಲದ ಕಡಿತಗಳು ಇಳಿಯಬೇಕು. ಕಟ್ಟುಹಾವಿನ ಕಡಿತಗಳು ಮಾತ್ರ ಅದರಿಂದ ಇಳಿಯುವುದಿಲ್ಲ. ಅವು ನಡೆಯುವುದು ಮಲಗಿದ ಮನೆಯಲ್ಲಿ, ಕೂಲಿಯವರ ಶೆಡ್ಡಿನಲ್ಲಿ, ಇಟ್ಟಿಗೆ ಗೂಡಿನ ಪಕ್ಕದ ಗುಡಿಸಲಿನಲ್ಲಿ. ಅಲ್ಲಿ ಬೇಕಾಗಿರುವುದು ಮಂಚ ಮತ್ತು ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಎಣಿಸಿದರೆ, ಹಗಲು ವಿದ್ಯುತ್ತಿನಿಂದ ಕಡಿತಗಳು ಇಳಿದ ತಾಲ್ಲೂಕಿನಲ್ಲಿ ಸಾವುಗಳು ಮಾತ್ರ ಏಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಜಿಲ್ಲಾ ಆರೋಗ್ಯಾಧಿಕಾರಿಯ ಕಡತದಲ್ಲಿ ಉತ್ತರ ಸಿಗುವುದಿಲ್ಲ.